ಮಠದ ದಾರ

ಸಂತ ಇತಾ ಮಹಿಳಾ ವಸತಿ ಕಾಲೇಜಿನ ಅಡುಗೆಮನೆಗೂ ಊಟದ ಹಾಲಿಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಈ ಕಡೆಯಿಂದ ತುಂಬಿದ ತಟ್ಟೆ ಹೋಗುತ್ತಿತ್ತು, ಆ ಕಡೆಯಿಂದ ಖಾಲಿ ತಟ್ಟೆ ಬರುತ್ತಿತ್ತು. ಅಡುಗೆಯ ಸಿಸ್ಟರ್ ಅಟ್ರಾಕ್ಟಾ ತನ್ನ ತಂಗಿಯ ಮಗಳು ನೋಲಾಳ ಜೊತೆ ಮೂರು ವರ್ಷದಿಂದ ಆಡಿದ ಮಾತೆಲ್ಲ ಆ ಕಿಂಡಿಯಲ್ಲೇ, ಒಂದು ತಟ್ಟೆ ದಾಟುವಷ್ಟು ಹೊತ್ತಿನಲ್ಲೇ.

"ಮಿಸ್ ಹೆಗಾರ್ಟಿ, ಇನ್ನೊಂದು ಆಲೂಗಡ್ಡೆ ಹಾಕಲಾ?" ಎಂದು ಅಟ್ರಾಕ್ಟಾ ಎಲ್ಲರಿಗೂ ಕೇಳುವಂತೆ ಅಂದಳು. ಆಮೇಲೆ ದನಿ ತಗ್ಗಿಸಿ, "ಯಾಕೇ, ಮುಖ ಸಣ್ಣ ಮಾಡ್ಕೊಂಡಿದೀಯಾ?"

"ದೊಡ್ಡಮ್ಮ, ಒಂದು ಫ್ರಾಕಿದೆ. ಅಂಚು ಬಿಚ್ಚಿ ಮೂರು ಬೆರಳು ಇಳಿಸ್ಬೇಕು. ಮಾಡ್ಕೊಡ್ತೀಯಾ?"

"ಏನಕ್ಕೆ?"

"ಮದುವೆಗೆ. ನನ್ನ ಕ್ಲಾಸಿನ ಎಲ್ಸ್‌ಪೆತ್‌ದು."

ಹಿಂದೆ ನಿಂತವಳು ತಟ್ಟೆ ಚಾಚಿದಳು. ಮಾತು ಅಲ್ಲಿಗೇ ನಿಂತಿತು.

ಕಾಲೇಜು ನಡೆಸುವ ಈ ಮಠದಲ್ಲಿ ಕನ್ಯಾಸ್ತ್ರೀಯರು ಎರಡು ಬಗೆ. ಓದಿಕೊಂಡು, ತವರಿನಿಂದ ವರದಕ್ಷಿಣೆ ತಂದು ಸೇರಿದವರು ಮದರ್‌ಗಳು. ಅವರು ಪಾಠ ಹೇಳುತ್ತಾರೆ, ಹುಡುಗಿಯರನ್ನು ನೋಡಿಕೊಳ್ಳುತ್ತಾರೆ, ಮಠದ ವಿಷಯಕ್ಕೆ ಮತ ಹಾಕುತ್ತಾರೆ. ಬರಿಗೈಯಲ್ಲಿ ಬಂದವರು ಸಿಸ್ಟರ್‌ಗಳು. ಅವರಿಗೆ ಅಡುಗೆ, ಬಟ್ಟೆ, ನೆಲ. ಚಾಪೆಲಿನಲ್ಲಿ ಅವರ ಬೆಂಚು ಹಿಂದೆ, ಊಟದ ಮೇಜು ಬೇರೆ. ದೇವರ ಮುಂದೆ ಎಲ್ಲರೂ ಒಂದೇ ಎಂದು ಮಾತ್ರ ಎರಡೂ ಕಡೆಯವರು ಹೇಳುತ್ತಿದ್ದರು.

ನೋಲಾ ವಿಶ್ವವಿದ್ಯಾಲಯದಲ್ಲಿ ಓದಲು ಬಂದು ಇಲ್ಲಿ ಉಳಿದಾಗ ಪ್ರಿನ್ಸಿಪಾಲ್ ಮದರ್ ಗಾನ್ಝಾಗಾ ಅಟ್ರಾಕ್ಟಾಳನ್ನು ಕೋಣೆಗೆ ಕರೆಸಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಹೆಂಗಸು. "ಇಲ್ಲಿರೋ ಹುಡುಗೀರು ಡಾಕ್ಟರ ಮಕ್ಕಳು, ಜಡ್ಜರ ಮಕ್ಕಳು, ಸಿಸ್ಟರ್. ದೊಡ್ಡಮ್ಮ ಅಡುಗೆಮನೇಲಿದಾರೆ ಅಂತ ಗೊತ್ತಾದ್ರೆ ಆ ಮಗೂಗೇ ಕಷ್ಟ. ಈ ಸಂಬಂಧ ನಮ್ಮಿಬ್ಬರಲ್ಲೇ ಇರಲಿ" ಎಂದಿದ್ದರು. ಅಟ್ರಾಕ್ಟಾ ಒಪ್ಪಿದ್ದಳು. ಮೂವತ್ತೈದು ವರ್ಷದಿಂದ ಆಕೆ ಒಪ್ಪದೆ ಇದ್ದದ್ದು ಯಾವುದೂ ಇರಲಿಲ್ಲ.

ನೋಲಾಳಿಗೆ ಇಪ್ಪತ್ತು ವರ್ಷ. ಸಸ್ಯಶಾಸ್ತ್ರದಲ್ಲಿ ಡಿಗ್ರಿಯ ಕೊನೆಯ ವರ್ಷ, ನವೆಂಬರ್ ಮೂರಕ್ಕೆ ಪರೀಕ್ಷೆ. ಅಪ್ಪ ಕಾನ್ ಹೆಗಾರ್ಟಿ ದೂರದ ಹಳ್ಳಿಗಾಡು ನಾನಾಂಗೋ ಕಡೆ ಅರವತ್ತು ಹಸು ಸಾಕಿಕೊಂಡಿದ್ದ. ಮಗಳು ಬ್ರಿಸ್ಬೇನಿಗೆ ಹೋಗಲಿ ಎಂದು ಒಪ್ಪಿಸಲು ಅವಳ ಅಮ್ಮ ಕ್ಯಾತ್ ಒಂದು ವರ್ಷ ಅತ್ತಿದ್ದಳು. ಕಡೆಗೆ ಅವನು ಒಂದೇ ಮಾತು ಹೇಳಿದ್ದ: "ಕನ್ಯಾಸ್ತ್ರೀಯರ ಸೂರಿನ ಕೆಳಗಿದ್ರೆ ಓದ್ಲಿ. ಅಲ್ಲಿಂದ ಹೊರಬಿದ್ಲೋ, ಸೀದಾ ಕೊಟ್ಟಿಗೆಗೆ."

ಆ ಸೆಪ್ಟೆಂಬರಿನಲ್ಲಿ ಮಠದಲ್ಲಿ ಎಲ್ಲರಿಗೂ ಗಡಿಬಿಡಿ. ಕಾಲೇಜಿಗೆ ನಲವತ್ತು ವರ್ಷ ತುಂಬುತ್ತಿತ್ತು. ಅಕ್ಟೋಬರಿನಲ್ಲಿ ಹಬ್ಬ, ಬಿಷಪ್ಪರು ಬರುವವರಿದ್ದರು. ಕಾಲೇಜಿನ ಚರಿತ್ರೆ ಬರೆಯುವ ಕೆಲಸ ಮದರ್ ಬರ್ನಾಡಿನ್ ಮೇಲೆ ಬಿದ್ದಿತ್ತು. ಮೂವತ್ನಾಲ್ಕರ ಈ ಮದರ್‌ಗೆ ಹುಡುಗಿಯರ ಹಾಜರಿ ನೋಡುವುದು, ಅವರು ಹೊರಗೆ ಹೋಗುವಾಗ ಸಹಿ ಹಾಕುವ ಪುಸ್ತಕ ಕಾಯುವುದು ದಿನದ ಕೆಲಸ. ಒಂದು ಮಧ್ಯಾಹ್ನ ಆಕೆ ನೋಟ್‌ಬುಕ್ಕು ಹಿಡಿದು ಅಡುಗೆಮನೆಗೆ ಬಂದಳು. ಒಲೆಯ ಪಕ್ಕದಲ್ಲಿ ಎಂಬತ್ತೊಂದರ ಸಿಸ್ಟರ್ ಮ್ಯಾಲಕಿ ಆಲೂಗಡ್ಡೆ ಹೆರೆಯುತ್ತ ಕೂತಿದ್ದಳು. ಕಾಲೇಜು ತೆರೆದ ದಿನ ಇದ್ದವರಲ್ಲಿ ಉಳಿದವಳು ಅವಳೊಬ್ಬಳೇ.

"ಸಿಸ್ಟರ್ ಮ್ಯಾಲಕಿ, ಮೊದಲನೇ ದಿನ ಹೇಗಿತ್ತು ಹೇಳ್ತೀರಾ?"

"ಮೊದಲನೇ ದಿನ ಕಕ್ಕಸು ಕಟ್ಟಿಕೊಂಡಿತ್ತು."

ಬರ್ನಾಡಿನ್ ಪೆನ್ಸಿಲು ಎತ್ತಿದಳು, ಬರೆಯಲಿಲ್ಲ. "ಅಲ್ಲ, ಹುಡುಗೀರು... ವಾತಾವರಣ..."

"ನಾಲ್ಕು ಜನ ಹುಡುಗೀರು. ಊರಲ್ಲಿ ಪ್ರಾಟೆಸ್ಟೆಂಟರ ಮನೇಲಿ ಬಾಡಿಗೆಗಿದ್ರೆ ಕೆಟ್ಟೋಗ್ತಾರೆ ಅಂತ ಪಾದ್ರಿಗಳಿಗೆಲ್ಲ ನಿದ್ದೆ ಇರ್ಲಿಲ್ಲ, ಅದಕ್ಕೆ ಈ ಮನೆ ಕೊಂಡ್ರು. ಆರು ಜನ ಮದರ್‌ಗಳು ಬಂದ್ರು, ಆ ನಾಲ್ಕು ಜನರನ್ನ ನೋಡ್ಕೊಳ್ಳೋಕೆ. ಮೂರು ಜನ ಸಿಸ್ಟರ್‌ಗಳು ಬಂದ್ವಿ, ಆ ಹತ್ತು ಜನರನ್ನ ನೋಡ್ಕೊಳ್ಳೋಕೆ. ಹೊಳೆಯಿಂದ ಬೆನ್ನ ಮೇಲೆ ನೀರು ಹೊತ್ತಿದ್ದು ನಾವು. ಬ್ರಿಜಿತ್ತಾ ಅಂತ ಒಬ್ಳಿದ್ಲು, ಎರಡನೇ ಬೇಸಿಗೇಲಿ ಬಟ್ಟೆ ಒಗೆಯೋ ಹಂಡೆ ಮಗುಚಿ ಸತ್ಲು. ಬರ್ಕೊಳಿ, ಬರ್ಕೊಳಿ."

ಮದರ್ ಬರ್ನಾಡಿನ್ "ಆರಂಭದಲ್ಲಿ ನೀರಿನ ತೊಂದರೆ" ಎಂದು ಬರೆದುಕೊಂಡು ಹೋದಳು. ಕೆಟ್ಟವಳಲ್ಲ ಪಾಪ, ಪುಸ್ತಕಕ್ಕೆ ಏನು ಒಗ್ಗುತ್ತದೆ ಎಂದು ತಿಳಿದವಳು.

ಫ್ರಾಕು ತಿಳಿ ನೀಲಿ. ಮಂಗಳವಾರ ಅಟ್ರಾಕ್ಟಾ ಇಸ್ತ್ರಿ ಕೋಣೆಯ ಹೊಲಿಗೆ ಯಂತ್ರದ ಮುಂದೆ ಕೂತಳು. ಮಠದ ಡಬ್ಬಿಯಲ್ಲಿ ಇದ್ದದ್ದು ಕಪ್ಪು ದಾರ, ಬಿಳಿ ದಾರ, ಮತ್ತೆ ಒಂದೇ ಒಂದು ನೀಲಿ ರೀಲು. ಅದು ಚಾಪೆಲಿನ ಮಾತೆಯ ವಿಗ್ರಹದ ಮೇಲ್ಹೊದಿಕೆಗೆಂದು ತೆಗೆದಿಟ್ಟದ್ದು. ಮಠದಲ್ಲಿ ಯಾರದ್ದೂ ಅಂತ ಒಂದು ಗುಂಡುಸೂಜಿಯೂ ಇಲ್ಲ, ಎಲ್ಲವೂ ಮಠದ್ದು. ಒಂದು ಗೇಣು ದಾರ ಬೇಕಾದರೂ ಮದರ್ ಗಾನ್ಝಾಗಾರ ಅನುಮತಿ ಕೇಳಬೇಕು. ಕೇಳಿದರೆ ಯಾರಿಗೆ ಎನ್ನುತ್ತಾರೆ. ಅಟ್ರಾಕ್ಟಾ ಕೇಳಲಿಲ್ಲ. ನೀಲಿ ದಾರ ಪೋಣಿಸಿ ಅಂಚು ಇಳಿಸಿದಳು. ಎರಡು ಸಲ ಬಿಚ್ಚಿ ಹೊಲಿಯಬೇಕಾಯಿತು.

ಬಟ್ಟೆ ಒಣಗಿಸುವ ಹಿತ್ತಿಲಲ್ಲಿ ಫ್ರಾಕು ಕೊಡುವಾಗ ಕೇಳಿದಳು: "ಯಾವ ಚರ್ಚಲ್ಲೇ ಮದುವೆ?"

"ಎಲ್ಸ್‌ಪೆತ್ ಅವರದ್ದರಲ್ಲಿ."

"ಅವಳು ನಮ್ಮೋಳಲ್ವಾ?"

"ಪ್ರೆಸ್ಬಿಟೇರಿಯನ್. ಸ್ಕಾಟ್‌ಲೆಂಡಿನೋರ ಚರ್ಚು."

ಅಟ್ರಾಕ್ಟಾ ಶಿಲುಬೆ ಗುರುತು ಹಾಕಿಕೊಂಡಳು. ಪ್ರಾಟೆಸ್ಟೆಂಟರ ಪೂಜೆಯಲ್ಲಿ ಸೇರುವುದು ಕ್ಯಾಥೊಲಿಕ್ಕರಿಗೆ ಪಾಪ. "ಒಳಗೆ ಹೋಗ್ಬೇಡ. ಹೊರಗೆ ನಿಂತು ಅಕ್ಕಿ ಎರಚಿ ಬಂದ್ಬಿಡು."

"ನಾನು ಮದುಮಗಳ ಪಕ್ಕ ನಿಲ್ಲೋಳು ದೊಡ್ಡಮ್ಮ. ಹೂವು ಹಿಡ್ಕೊಂಡು."

"ಅನುಮತಿ ಕೇಳಿದ್ಯಾ?"

"ಕೇಳಿದ್ರೆ ಕೊಡ್ತಾರಾ?"

"ಕೊಡಲ್ಲ."

"ಮತ್ತೆ?" ನೋಲಾ ಫ್ರಾಕು ಮಡಿಚಿದಳು. "ಹೋದ ವರ್ಷ ನಾನು ಕಾಮಾಲೆ ಬಂದು ಆರು ವಾರ ಮಲಗಿದ್ನಲ್ಲ, ದಿನಾ ಪಾಠ ಎಲ್ಲಾ ಕೈಯಲ್ಲಿ ಬರೆದು ಬಾಗಿಲಿಗೆ ತಂದ್ಕೊಟ್ಟೋಳು ಅವಳು. ಇಲ್ಲಿರೋ ಇಷ್ಟು ಜನ ಕ್ಯಾಥೊಲಿಕ್ಕರಲ್ಲಿ ಒಬ್ಳೂ ಒಂದು ಹಾಳೆ ಬರೀಲಿಲ್ಲ."

ಅಟ್ರಾಕ್ಟಾ ಹಗ್ಗದ ಮೇಲಿನ ಒಣಗಿದ ಬಟ್ಟೆ ಎಳೆದುಕೊಳ್ಳತೊಡಗಿದಳು.

ಶನಿವಾರ ನೋಲಾ ಹೋಗಿ ಬಂದಳು. ಸಹಿ ಪುಸ್ತಕದಲ್ಲಿ, ಎಲ್ಲಿಗೆ ಎಂಬಲ್ಲಿ, 'ದೊಡ್ಡಮ್ಮನ ಮನೆಗೆ' ಎಂದು ಬರೆದಿದ್ದಳು. ಸಂಬಂಧ ತಿಳಿಯದ ಬರ್ನಾಡಿನ್ ನೋಡಿ ತಲೆಯಾಡಿಸಿದ್ದಳು. ಭಾನುವಾರ ಕಿಂಡಿಯಲ್ಲಿ ಒಂದು ಕರವಸ್ತ್ರದ ಗಂಟು ಈ ಕಡೆ ಬಂತು. ಮದುವೆಯ ಕೇಕಿನ ತುಂಡು. ಅಟ್ರಾಕ್ಟಾ ಮುಟ್ಟಲಿಲ್ಲ. ಮ್ಯಾಲಕಿ ತಿಂದಳು.

"ದ್ರಾಕ್ಷಿ ಕಮ್ಮಿ" ಅಂದಳು. "ಸ್ಕಾಟ್‌ಲೆಂಡಿನೋರು ಜಿಪುಣರು. ಆದ್ರೆ ಪಾಪದ ರುಚಿ ಏನೂ ಇಲ್ಲ ಕಣೇ, ನೋಡು ಬೇಕಾದ್ರೆ."

ಪ್ರತಿ ಶುಕ್ರವಾರ ಮಧ್ಯಾಹ್ನ ಸಿಸ್ಟರ್‌ಗಳಿಗೆ ತಪ್ಪುಗಳ ಕೂಟ. ಪಾದ್ರಿಯ ಮುಂದೆ ಮಾಡುವ ಪಾಪನಿವೇದನೆ ಬೇರೆ, ಇದು ಬೇರೆ. ಇಲ್ಲಿ ಹೇಳಬೇಕಾದ್ದು ಮಠದ ನಿಯಮ ಮುರಿದದ್ದು. ಇಸ್ತ್ರಿ ಕೋಣೆಯಲ್ಲಿ ಐದು ಜನ ಸಿಸ್ಟರ್‌ಗಳು ಸಾಲಾಗಿ ಕೂರಬೇಕು, ಒಬ್ಬೊಬ್ಬರೇ ಮದರ್ ಗಾನ್ಝಾಗಾರ ಮುಂದೆ ಮಂಡಿಯೂರಿ ಆ ವಾರದ ತಪ್ಪು ಒಪ್ಪಿಸಬೇಕು. ಕೊನೆಗೆ ಮದರ್ "ಅಷ್ಟೇನಾ, ಸಿಸ್ಟರ್?" ಎಂದು ಕೇಳುತ್ತಾರೆ. "ಅಷ್ಟೇ, ಮದರ್" ಎಂದು ನೆಲ ಮುತ್ತಿಟ್ಟು ಏಳಬೇಕು. ಅಲ್ಲಿ ಆಡಿದ ಮಾತನ್ನು ಹೊರಗೆ ಯಾರೂ ಆಡಕೂಡದು, ಮದರ್ ಕೂಡ.

ಮದುವೆಯ ಹಿಂದಿನ ದಿನದ ಕೂಟದಲ್ಲಿ ಅಟ್ರಾಕ್ಟಾ ದಾರದ ಮಾತೆತ್ತಿರಲಿಲ್ಲ. ಅಲ್ಲಿಂದ ಒಂದು ವಾರ ಅನ್ನ ಸೇರಲಿಲ್ಲ ಆಕೆಗೆ. ಗಂಜಿ ತಳ ಹಿಡಿಯಿತು, ಕುರಿಮಾಂಸಕ್ಕೆ ಎರಡು ಸಲ ಉಪ್ಪು ಬಿತ್ತು. ಮೂವತ್ತೈದು ವರ್ಷದಲ್ಲಿ ಒಡೆದ ಒಂದು ಬಸಿಯನ್ನೂ ಬಚ್ಚಿಟ್ಟವಳಲ್ಲ. ತಾನು ಕದ್ದ ದಾರ ತನ್ನ ತಪ್ಪು, ಹೇಳಿಕೊಂಡರೆ ಭಾರ ಇಳಿಯುತ್ತದೆ, ಹೇಗೂ ಮಾತು ಆ ಕೋಣೆ ಬಿಟ್ಟು ಹೊರಗೆ ಹೋಗುವುದಿಲ್ಲ. ಹೀಗೆ ಲೆಕ್ಕ ಹಾಕಿದಳು. ಲೋಕ ಕಂಡ ಹೆಂಗಸಾಗಿದ್ದರೆ ಈ ಲೆಕ್ಕ ಹಾಕುತ್ತಿರಲಿಲ್ಲ.

ಆ ಶುಕ್ರವಾರ ಮಂಡಿಯೂರಿದಳು. "ಮೌನದ ಹೊತ್ತಲ್ಲಿ ಎರಡು ಸಲ ಮಾತಾಡಿದೆ, ಮದರ್. ಒಂದು ಬಸಿ ಒಡೆದೆ."

"ಅಷ್ಟೇನಾ, ಸಿಸ್ಟರ್?"

"ಮಾತೆಯ ನೀಲಿ ದಾರ ಅನುಮತಿ ಇಲ್ಲದೆ ತಗೊಂಡೆ. ಹೊಲಿಗೆ ಯಂತ್ರಾನೂ."

"ಏನು ಹೊಲಿದ್ರಿ?"

ಕೇಳಿದ್ದಕ್ಕೆ ನಿಜ ಹೇಳುವುದು ನಿಯಮ. "ಒಂದು ಫ್ರಾಕಿನ ಅಂಚು."

"ಯಾರದ್ದು?"

"ಮಿಸ್ ಹೆಗಾರ್ಟೀದು."

ಮದರ್ ಗಾನ್ಝಾಗಾ ಜಪಮಾಲೆ ಮಡಿಲಿಗಿಟ್ಟರು. "ಏನಕ್ಕೆ ಬೇಕಾಗಿತ್ತು ಅವಳಿಗೆ?"

"ಮದುವೆಗೆ, ಮದರ್."

ಹಿಂದಿನ ಸಾಲಲ್ಲಿ ಮ್ಯಾಲಕಿ ಕೆಮ್ಮಿದಳು. ಕೆಮ್ಮಲ್ಲ, ಅದು ಸುಮ್ಮನಿರು ಎಂಬ ಸೂಚನೆ. ಅಟ್ರಾಕ್ಟಾಳಿಗೆ ಅದು ತಿಳಿಯುವಷ್ಟರಲ್ಲಿ ಮದರ್ ಯಾವ ಚರ್ಚಲ್ಲಿ ಎಂದೂ ಕೇಳಿ ಆಗಿತ್ತು, ಆಕೆ ಉತ್ತರ ಕೊಟ್ಟೂ ಆಗಿತ್ತು.

"ನಿಮ್ಮ ತಪ್ಪಿಗೆ ಮೂರು ದಿನ ಜಪಮಾಲೆ ಹೇಳಿ" ಎಂದರು ಮದರ್. "ಏಳಿ, ಸಿಸ್ಟರ್." ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಅಡುಗೆಮನೆಗೆ ಬಂದ ಮೇಲೆ ಮ್ಯಾಲಕಿ ಚಾಕು ಕೆಳಗಿಟ್ಟಳು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಏನೇ ಮಾಡಿದೆ ನೀನು?"

"ನನ್ನ ತಪ್ಪು ಹೇಳ್ಕೊಂಡೆ. ಕೂಟದ ಮಾತು ಹೊರಗೆ ಹೋಗಲ್ಲ."

"ಮಾತು ಹೋಗಲ್ಲ. ಮದರ್ ಎದ್ದು ಹೋದ್ರಲ್ಲ, ಅವರ ತಲೆ ಜೊತೇಲೇ ಹೋಯ್ತಲ್ಲ?"

ಮದರ್ ಗಾನ್ಝಾಗಾ ಕೂಟದ ಬಗ್ಗೆ ಯಾರಿಗೂ ಒಂದಕ್ಷರ ಹೇಳಲಿಲ್ಲ. ನಿಯಮ ಮುರಿಯುವವರಲ್ಲ ಅವರು. ಬರ್ನಾಡಿನ್ ಕೈಯಿಂದ ಸಹಿ ಪುಸ್ತಕ ತರಿಸಿ ಹಿಂದಿನ ಶನಿವಾರದ ಹಾಳೆ ತೆರೆದರು, ಅಷ್ಟೇ. ದೊಡ್ಡಮ್ಮನ ಮನೆ. ನೋಲಾಳಿಗೆ ಈ ಊರಲ್ಲಿ ಇದ್ದ ದೊಡ್ಡಮ್ಮ ಯಾರು, ಆ ಶನಿವಾರ ಮಧ್ಯಾಹ್ನ ಆಕೆ ಎಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದಳು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬರ್ನಾಡಿನ್ ಅಡುಗೆಮನೆಗೆ ಬಂದು, "ಮಿಸ್ ಹೆಗಾರ್ಟಿ ಹಾಲಿಗೆ ಬರಲ್ಲ. ತಟ್ಟೆ ಕೋಣೆಗೆ ಕಳಿಸಿ" ಎಂದಳು. ಮುಖ ಬಿಳಿಚಿತ್ತು. ಅಟ್ರಾಕ್ಟಾ ತಾನೇ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದಳು. ಹುಡುಗಿಯರ ಮಹಡಿಗೆ ಆಕೆ ಕಾಲಿಟ್ಟದ್ದು ಅದೇ ಮೊದಲು.

ನೋಲಾ ಮಂಚದ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. "ಯಾರೋ ಹೇಳಿದಾರೆ ದೊಡ್ಡಮ್ಮ. ಫ್ರಾಕಿನ ಬಣ್ಣ ಕೂಡ ಗೊತ್ತು ಅವರಿಗೆ."

ಅಟ್ರಾಕ್ಟಾ ತಟ್ಟೆ ಮೇಜಿನ ಮೇಲಿಟ್ಟಳು. ನಾನೇ ಎನ್ನಲು ಬಾಯಿ ತೆರೆದಳು. ಬದಲಿಗೆ ಚಮಚ ನೆಟ್ಟಗಿಟ್ಟಳು. "ಏನಂದ್ರು?"

"ನಾಳೆ ಎಲ್ಲರ ಮುಂದೆ ಮಂಡಿಯೂರಿ ಓದ್ಬೇಕಂತೆ. ಪುಸ್ತಕದಲ್ಲಿ ಸುಳ್ಳು ಬರೆದಿದ್ದು ತಪ್ಪಾಯ್ತು, ಪರಧರ್ಮದವರ ಪೂಜೇಲಿ ಸೇರಿ ಈ ಮನೆಗೆ ಕಳಂಕ ತಂದೆ, ಅದೂ ತಪ್ಪಾಯ್ತು ಅಂತ. ಓದಿದ್ರೆ ಇರಬಹುದು. ಇಲ್ಲಾಂದ್ರೆ ಅಪ್ಪಂಗೆ ಬರೀತಾರೆ."

"ಓದ್ಬಿಡೇ. ಎರಡು ನಿಮಿಷದ ಕೆಲಸ. ನಾನು ವಾರವಾರ ಮಂಡಿಯೂರಲ್ವಾ? ಏನು ಸವೆದುಹೋಯ್ತು?"

"ಸುಳ್ಳು ಬರೆದಿದ್ದಕ್ಕೆ ಕ್ಷಮೆ ಕೇಳ್ತೀನಿ, ಬೇಕಾದ್ರೆ ದಿನಾ ಕೇಳ್ತೀನಿ. ಎಲ್ಸ್‌ಪೆತ್ ಪಕ್ಕ ನಿಂತಿದ್ದಕ್ಕೆ ಕೇಳಲ್ಲ."

"ಒಂದು ತಿಂಗಳಿದೆ ಪರೀಕ್ಷೆಗೆ, ನೋಲಾ. ಹಟ ಮಾಡ್ಬೇಡ. ಕಾಲಿಗೆ ಬೀಳ್ತೀನಿ."

"ಕಾಲಿಗೆ ಬಿದ್ದೂ ಬಿದ್ದೂ ನಿಂಗೆ ಅಭ್ಯಾಸ ಆಗಿದೆ ದೊಡ್ಡಮ್ಮ" ಎಂದಳು ನೋಲಾ. ಅಂದ ಮೇಲೆ ಅವಳಿಗೇ ಕೆಡುಕೆನಿಸಿತು, ದೊಡ್ಡಮ್ಮನ ಕೈ ಹಿಡಿದುಕೊಂಡಳು. ತಟ್ಟೆಯಲ್ಲಿ ಎಲೆಕೋಸು ಆರಿತು.

ನೋಲಾ ಓದಲಿಲ್ಲ. ಅಟ್ರಾಕ್ಟಾ ಮದರ್ ಗಾನ್ಝಾಗಾರ ಕೋಣೆಗೆ ಹೋಗಿ ಅತ್ತಳು. ಮದರ್ ಕುರ್ಚಿ ಕೊಟ್ಟರು, ನೀರು ಕೊಟ್ಟರು. "ಇನ್ನು ಹದಿನೈದು ದಿನಕ್ಕೆ ಬಿಷಪ್ಪರು ಬರ್ತಾರೆ, ಸಿಸ್ಟರ್. ಹುಡುಗೀರು ಹೀಗಾಗಬಾರದು ಅಂತಲೇ ಈ ಕಾಲೇಜು ಕಟ್ಟಿದ್ದು. ಗೊತ್ತಿದ್ದೂ ನಾನು ಇವಳನ್ನ ಇಟ್ಕೊಂಡ್ರೆ, ನಲವತ್ತು ವರ್ಷ ನಾವು ಮಾಡಿದ್ದೇನು?" ಎಂದರು. ಅವರ ಕಣ್ಣಲ್ಲೂ ನೀರಿತ್ತು. ಆದರೆ ಕಾಗದ ಆಗಲೇ ಅಂಚೆಗೆ ಹೋಗಿತ್ತು.

ಬುಧವಾರ ಕಾನ್ ಹೆಗಾರ್ಟಿ ಬಂದ. ಬೆಳಗಿನ ಹಾಲು ಕರೆದು, ಇದ್ದ ಒಂದೇ ಸೂಟು ಹಾಕಿಕೊಂಡು, ಲಾರಿ ಓಡಿಸಿಕೊಂಡು ಬಂದಿದ್ದ. ಭೇಟಿಯ ಕೋಣೆಯಲ್ಲಿ ಟೋಪಿ ಮೊಣಕಾಲ ಮೇಲಿಟ್ಟು ಕೂತಿದ್ದ. ಅವನ ಮುಂದೆ ಅಟ್ರಾಕ್ಟಾ ಚಹಾ ಇಟ್ಟಳು. ನೋಲಾಳ ಪೆಟ್ಟಿಗೆ ಬಾಗಿಲ ಬಳಿ ಇತ್ತು.

"ಮೂರು ವರ್ಷ" ಎಂದ ಕಾನ್. "ಮೂರು ವರ್ಷ ಒಂದು ಜೊತೆ ಕೈ ಕಮ್ಮಿ ಇಟ್ಕೊಂಡು ಅರವತ್ತು ಹಸು ಕರೆದಿದೀನಿ. ಯಾಕೆ? ನನ್ನ ಮಗಳು ಕನ್ಯಾಸ್ತ್ರೀಯರ ಮನೇಲಿದಾಳೆ ಅಂತ. ಇವಳು ನೋಡಿದ್ರೆ ಅವರ ಚರ್ಚಲ್ಲಿ ಹೂ ಹಿಡ್ಕೊಂಡು ನಿಂತಿದ್ಳಂತೆ."

"ಅಪ್ಪ, ಪರೀಕ್ಷೆ ಆದ್ಮೇಲೆ ಬರ್ತೀನಿ. ಒಂದು ಕೋಣೆ ಬಾಡಿಗೆಗೆ..."

"ಅವತ್ತೇ ಹೇಳಿದ್ದೆ. ಇಲ್ಲಿಂದ ಹೊರಬಿದ್ರೆ ಕೊಟ್ಟಿಗೆಗೆ ಅಂತ." ಅವನು ಅಟ್ರಾಕ್ಟಾಳ ಕಡೆ ತಿರುಗಿದ. ಮಠ ಸೇರುವ ಮುಂಚಿನ ಹೆಸರು ಹಿಡಿದು ಕರೆದ. "ನೀನಿದ್ದೆಯಲ್ಲ ಡೀಲಿಯಾ. ನೀನಿದ್ದೂ ಹೀಗಾಯ್ತಲ್ಲ. ಯಾರು ಚಾಡಿ ಹೇಳಿದ್ದು? ಅದನ್ನಾದ್ರೂ ಹೇಳು."

"ಅದೇ ನಂಗೂ ತಿಳೀತಿಲ್ಲ" ಎಂದಳು ನೋಲಾ. "ಗೊತ್ತಿದ್ದೋಳು ದೊಡ್ಡಮ್ಮ ಒಬ್ಳೇ."

ಅವಳು ಅದನ್ನು ಅನುಮಾನದಿಂದ ಹೇಳಿದ್ದಲ್ಲ. ದೊಡ್ಡಮ್ಮನ ಮೇಲೆ ಅನುಮಾನ ಪಡಬಹುದು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಅಟ್ರಾಕ್ಟಾಳಿಗೆ ಇನ್ನು ತಡೆಯಲಾಗಲಿಲ್ಲ.

"ನಾನೇ ಹೇಳಿದ್ದು."

ಇಬ್ಬರೂ ಆಕೆಯನ್ನು ನೋಡಿದರು.

"ಚಾಡಿ ಅಲ್ಲ. ನನ್ನ ತಪ್ಪು ಹೇಳ್ಕೊಂಡೆ. ಮಠದ ದಾರ ತಗೊಂಡಿದ್ನಲ್ಲ, ಅದನ್ನ ಹೇಳ್ದೆ. ಯಾರ ಫ್ರಾಕು ಅಂದ್ರು. ಹೇಳ್ದೆ."

"ದಾರದ್ದಾ?" ಎಂದಳು ನೋಲಾ. "ದಾರದ ಬಗ್ಗೆ ಹೇಳ್ಬೇಕಾಗಿತ್ತಾ ನಿಂಗೆ?"

"ಹೇಳ್ದೆ ಇರೋಕಾಗ್ಲಿಲ್ಲ ಕಣೇ."

"ಎಷ್ಟು ಉದ್ದ ಇತ್ತು ದೊಡ್ಡಮ್ಮ, ಆ ದಾರ?"

ಅಟ್ರಾಕ್ಟಾ ಅಳುತ್ತಿದ್ದಳು. ಕಾನ್ ಎದ್ದು ಪೆಟ್ಟಿಗೆ ಎತ್ತಿಕೊಂಡ. ಸಿಟ್ಟಿನ ಮನುಷ್ಯ, ಆದರೂ ಬಾಗಿಲಲ್ಲಿ ನಿಂತು, "ಚಹಾ ಚೆನ್ನಾಗಿತ್ತು, ಡೀಲಿಯಾ" ಎಂದು ಹೇಳಿ ಹೋದ. ನೋಲಾ ಅಷ್ಟನ್ನೂ ಹೇಳಲಿಲ್ಲ.

ಹಬ್ಬ ಚೆನ್ನಾಗಿ ಆಯಿತು. ನೂರಿಪ್ಪತ್ತು ಜನಕ್ಕೆ ಊಟ. ಅಟ್ರಾಕ್ಟಾ ಮೂರು ದಿನ ನಿದ್ದೆಗೆಟ್ಟು ಬೇಯಿಸಿದಳು, ಹುರಿದಳು. ಹಾಲಿನಲ್ಲಿ ಬರ್ನಾಡಿನ್ ಎದ್ದು ನಿಂತು ಕಾಲೇಜಿನ ಚರಿತ್ರೆ ಓದಿದಳು. ಆರು ಜನ ಸ್ಥಾಪಕ ಮದರ್‌ಗಳ ಹೆಸರು, ಅವರು ಹುಟ್ಟಿದ ಐರ್ಲೆಂಡಿನ ಊರು, ಓದಿದ ಶಾಲೆ. ನಲವತ್ತು ವರ್ಷದಲ್ಲಿ ಆರುನೂರು ಹುಡುಗಿಯರು, ಹನ್ನೊಂದು ಜನ ಡಾಕ್ಟರರು. ಕೊನೆಯಲ್ಲಿ ಒಂದು ವಾಕ್ಯ, ಅಡುಗೆಮನೆಯ ನಮ್ಮ ಒಳ್ಳೆಯ ಸಿಸ್ಟರ್‌ಗಳ ಪ್ರಾರ್ಥನೆಯೂ ನಮ್ಮ ಬೆನ್ನಿಗಿತ್ತು ಎಂದು.

"ಪ್ರಾರ್ಥನೆಯಂತೆ" ಎಂದಳು ಮ್ಯಾಲಕಿ ತಟ್ಟೆ ಒರೆಸುತ್ತ. "ನಾನು ಬೆನ್ನಲ್ಲಿ ನೀರು ಹೊತ್ತೆ ಅಂದಿದ್ದೆ. ಬೆನ್ನು ಒಂದು ಸರಿಯಾಗಿ ಬರ್ಕೊಂಡವಳೆ."

ಅಕ್ಟೋಬರ್ ನಾಲ್ಕನೇ ವಾರ ಜಕರಾಂಡಾ ಮರಗಳು ಹೂಬಿಟ್ಟವು. ನೇರಳೆ ಹೂ ಬೀಳುವುದು ಕಂಡರೆ ಹುಡುಗಿಯರಿಗೆ ಪರೀಕ್ಷೆಯ ಜ್ವರ. ಆ ಗುರುವಾರ ಅಡುಗೆಮನೆಯ ಹಿಂಬಾಗಿಲು ಯಾರೋ ತಟ್ಟಿದರು. ಕೆಂಚುಗೂದಲಿನ, ಹೊಸ ಉಂಗುರದ ಒಬ್ಬ ಹುಡುಗಿ.

"ನಾನು ಎಲ್ಸ್‌ಪೆತ್. ನೀವು ನೋಲಾ ಅವರ ದೊಡ್ಡಮ್ಮ ಅಲ್ವಾ?"

"ಯಾರು ಹೇಳಿದ್ದು?"

"ಅವಳೇ. ಮೊದಲನೇ ವರ್ಷಾನೇ ಹೇಳಿದ್ಲು." ಹುಡುಗಿ ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು. "ಯೂನಿವರ್ಸಿಟೀಲಿ ಅವಳ ಹೆಸರು ತೆಗೆದಿಲ್ಲ. ಪರೀಕ್ಷೆಗೆ ಕೂರಬಹುದು. ನಮ್ಮನೇಲಿ ಒಂದು ಕೋಣೆ ಖಾಲಿ ಇದೆ. ನಾನು ಬರೆದ ಕಾಗದ ಎರಡೂ ವಾಪಸ್ ಬಂದ್ವು, ಅವರಪ್ಪ ಒಡೆದೂ ನೋಡಿಲ್ಲ. ನೀವು ಅವರಮ್ಮನಿಗೆ ಬರೆದ್ರೆ ತಗೋತಾರೆ. ಮೂರನೇ ತಾರೀಖು ಬೆಳಗ್ಗೆ ಒಂಬತ್ತಕ್ಕೆ ಇಲ್ಲಿದ್ರೆ ಸಾಕು. ಅದಕ್ಕೆ ಮುಂಚಿನ ಶನಿವಾರ, ಭಾನುವಾರ ನಾನು ಸ್ಟೇಷನ್ನಲ್ಲಿ ಕಾಯ್ತೀನಿ."

"ಕೇಳ್ಬೇಕಮ್ಮ" ಎಂದಳು ಅಟ್ರಾಕ್ಟಾ. "ನಾವು ಕಾಗದ ಬರೀಬೇಕಾದ್ರೆ ಅನುಮತಿ ಕೇಳ್ಬೇಕು."

ಕೇಳಿದಳು. ಯೋಚಿಸಿ ಹೇಳುತ್ತೇನೆ ಎಂದರು ಮದರ್ ಗಾನ್ಝಾಗಾ. ಶುಕ್ರವಾರ ಹೋಯಿತು, ಭಾನುವಾರ ಹೋಯಿತು. ಮಂಗಳವಾರ ಕರೆದು, "ಪ್ರೆ‌ಸ್ಬಿಟೇರಿಯನ್ನರ ಮನೆಗೆ ಕಳಿಸಿ ಅಂತ ಈ ಮಠದಿಂದಲೇ ಕಾಗದ ಹೋಗೋದು ಹೇಗೆ ಸಿಸ್ಟರ್? ನೀವೇ ಹೇಳಿ" ಎಂದರು. ಅಟ್ರಾಕ್ಟಾ ತಲೆ ಬಗ್ಗಿಸಿ ಬಂದಳು.

"ಕೇಳಿದ್ದೇ ತಪ್ಪು" ಎಂದಳು ಮ್ಯಾಲಕಿ. "ಐದು ದಿನ ಹಾಳು ಮಾಡಿದೆ."

"ಇನ್ನೇನು ಮಾಡ್ಲಿ?"

"ಬರಿ. ಬ್ರೆಡ್ಡಿನ ಗಾಡಿಯೋನ ಕೈಲಿ ಕೊಡು. ಅವನು ಅಂಚೆಗೆ ಹಾಕ್ತಾನೆ."

"ಅನುಮತಿ ಇಲ್ದೆನಾ?"

ಮುದುಕಿ ಮತ್ತೊಂದು ಆಲೂಗಡ್ಡೆ ಎತ್ತಿಕೊಂಡಳು. ಅಟ್ರಾಕ್ಟಾ ಇನ್ನೂ ಎರಡು ದಿನ ತಡೆದಳು. ರೊಟ್ಟಿ ಹಿಟ್ಟು ನಾದುವಾಗ, ನೆಲ ಒರೆಸುವಾಗ, ಚಾಪೆಲಿನ ಹಿಂದಿನ ಬೆಂಚಿನಲ್ಲಿ ಕೂತಾಗ ಅದೇ ಪ್ರಶ್ನೆ. ಗುರುವಾರ ಬೆಳಗ್ಗೆ ದಿನಸಿ ಚೀಟಿಯ ಹಿಂದೆ ತಂಗಿಗೆ ನಾಲ್ಕು ಸಾಲು ಬರೆದಳು. ಕ್ಯಾತ್, ಮಗಳನ್ನು ಕಳಿಸು, ಕಾನ್‌ಗೆ ಹೇಳಬೇಡ, ಸ್ಟೇಷನ್ನಿಗೆ ಎಲ್ಸ್‌ಪೆತ್ ಬಂದಿರುತ್ತಾಳೆ, ಪಾಪ ಬಂದರೆ ನನಗಿರಲಿ. ಬ್ರೆಡ್ಡಿನವನು ಚೀಟಿ ಜೇಬಿಗೆ ಹಾಕಿಕೊಂಡು, "ಅಂಚೆಚೀಟಿ ನಾನೇ ಹಚ್ತೀನಿ ಬಿಡಿ ಸಿಸ್ಟರ್" ಎಂದ.

ಮೂರನೇ ತಾರೀಖು ಸೋಮವಾರ ಪರೀಕ್ಷೆಗೆ ಹೋಗುವವರಿಗೆಲ್ಲ ಎರಡೆರಡು ಮೊಟ್ಟೆ ಹಾಕಿ ಕಳಿಸಿದಳು. ನೋಲಾ ಊರೊಳಗೇ ಇರಬಹುದು, ಈಗ ಬರೆಯುತ್ತಿರಬಹುದು ಎಂದು ಇಡೀ ದಿನ ಅಂದುಕೊಂಡಳು. ಆ ವಾರವೆಲ್ಲ ಅದೇ ಆಸೆಯಲ್ಲಿ ಕಳೆದಳು. ಮುಂದಿನ ಬುಧವಾರ, ಎಲ್ಲ ಪರೀಕ್ಷೆ ಮುಗಿದ ಮೇಲೆ, ಎಲ್ಸ್‌ಪೆತ್ ಹಿಂಬಾಗಿಲಿಗೆ ಬಂದಳು. ಅವಳ ಕೈಯಲ್ಲಿ ಕ್ಯಾತ್ ಬರೆದ ಕಾಗದವಿತ್ತು.

"ಶನಿವಾರ, ಭಾನುವಾರ ಎರಡು ದಿನಾನೂ ಸ್ಟೇಷನ್ನಲ್ಲಿ ನಿಂತಿದ್ದೆ" ಎಂದಳು. "ಬರ್ಲಿಲ್ಲ. ನಿಮ್ಮ ತಂಗಿ ಈಗ ಬರೆದಿದಾರೆ, ನಿಮಗೆ ತೋರಿಸು ಅಂತ."

ನಿನ್ನ ಚೀಟಿ ಶನಿವಾರ ಮಧ್ಯಾಹ್ನ ತಲುಪಿತು. ಅಲ್ಲಿಂದ ರೈಲು ಬೆಳಗ್ಗೆಯೇ ಹೋಗಿತ್ತು, ಮತ್ತೆ ಇದ್ದದ್ದು ಮಂಗಳವಾರ. ನೋಲಾ ಓದಿ ಪೆಟ್ಟಿಗೆ ಕಟ್ಟಿದಳು, ಯಾರಾದರೂ ಲಾರಿಯಲ್ಲಿ ಕರೆದೊಯ್ಯುತ್ತಾರೇನೋ ಎಂದು ನಾಲ್ಕು ಮೈಲಿ ನಡೆದು ಹೆದ್ದಾರಿಗೆ ಹೋದಳು. ಕತ್ತಲಾಗುವ ಮುಂಚೆ ಅವರಪ್ಪ ಹುಡುಕಿ ತಂದ. ಶುಕ್ರವಾರ ಬಂದಿದ್ದರೆ ನಾನೇ ರೈಲು ಹತ್ತಿಸುತ್ತಿದ್ದೆ, ಡೀಲಿಯಾ. ಅವಳು ಪುಸ್ತಕಗಳನ್ನೆಲ್ಲ ಪಾದ್ರಿಗೆ ಕೊಟ್ಟುಬಿಟ್ಟಳು. ಹಾಲು ಕರೆಯುತ್ತಾಳೆ, ಊಟ ಮಾಡುತ್ತಾಳೆ, ಮಾತಿಲ್ಲ. ಇಷ್ಟೇ ಇತ್ತು ಕಾಗದದಲ್ಲಿ.

ಅಟ್ರಾಕ್ಟಾ ಎರಡು ಸಲ ಓದಿ ವಾಪಸು ಕೊಟ್ಟಳು. ಇಟ್ಟುಕೊಂಡರೆ ಯಾರಾದರೂ ನೋಡಬಹುದು. ಎಲ್ಸ್‌ಪೆತ್ ಆಕೆಯ ಹೆಗಲು ಮುಟ್ಟಿ ಹೋದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಅಡುಗೆಯ ಹೆಂಗಸಿಗೆ ಅದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ. ಮ್ಯಾಲಕಿ ಆ ದಿನ ಆಕೆಯ ಪಾಲಿನ ಆಲೂಗಡ್ಡೆಯನ್ನೂ ತಾನೇ ಹೆರೆದಳು.

ಪರೀಕ್ಷೆಯ ಗಡಿಬಿಡಿಯಲ್ಲಿ ಎರಡು ವಾರ ನಿಂತಿದ್ದ ಕೂಟ ಆ ಶುಕ್ರವಾರ ಇಸ್ತ್ರಿ ಕೋಣೆಯಲ್ಲಿ ಮತ್ತೆ ಸೇರಿತು. ಸರದಿ ಬಂದಾಗ ಅಟ್ರಾಕ್ಟಾ ಹೋಗಿ ಮಂಡಿಯೂರಿದಳು.

"ಸಂಜೆ ಪ್ರಾರ್ಥನೆಗೆ ಒಂದು ದಿನ ತಡವಾಯ್ತು, ಮದರ್. ಹಾಲು ಉಕ್ಕಿಸಿದೆ. ಸಿಸ್ಟರ್ ಮ್ಯಾಲಕಿ ಮೇಲೆ ರೇಗಿದೆ."

ಮದರ್ ಗಾನ್ಝಾಗಾ ಕಾದರು. ಈ ಸಿಸ್ಟರ್ ಒಡೆದ ಬಸಿಯನ್ನೂ ಬಚ್ಚಿಡುವವಳಲ್ಲ ಎಂದು ಅವರಿಗೆ ಗೊತ್ತಿತ್ತು.

"ಅಷ್ಟೇನಾ, ಸಿಸ್ಟರ್?"

"ಅಷ್ಟೇ, ಮದರ್."

ಬ್ರೆಡ್ಡಿನವನ ಕೈಲಿ ಹೋದ ಚೀಟಿಯ ಮಾತೆತ್ತಲಿಲ್ಲ. ಎಷ್ಟು ಸುಲಭವಿತ್ತು ಎಂದು ಆಕೆಗೇ ಆಶ್ಚರ್ಯವಾಯಿತು. ಏಳು ವಾರದ ಹಿಂದೆ ಇದೇ ಕೋಣೆಯಲ್ಲಿ, ಇದೇ ಪ್ರಶ್ನೆಗೆ, ಈ ಎರಡು ಮಾತು ಹೇಳಿದ್ದರೆ ಸಾಕಾಗಿತ್ತು. ಅಟ್ರಾಕ್ಟಾ ಬಗ್ಗಿ ನೆಲ ಮುತ್ತಿಟ್ಟಳು.